ಗೀರು ಮತ್ತು ಬಣ್ಣ

ಕಾರು ಕೊಳ್ಳಲು ಹೊರಟವರ ಮನೆಯಲ್ಲಿ ಬೆಲೆಯ ಚರ್ಚೆ ಒಂದು ಸಂಜೆಯಲ್ಲಿ ಮುಗಿದೀತು. ಬಣ್ಣದ ಚರ್ಚೆ ವಾರಗಟ್ಟಲೆ ನಡೆಯುತ್ತದೆ. ಫೋರ್ಡ್ ಸಂಸ್ಥೆಯ ಮಾಡೆಲ್ ಟಿ ಕಾರು 1914ರಿಂದ 1925ರವರೆಗೆ ಕಪ್ಪಿನಲ್ಲಿ ಮಾತ್ರ ದೊರೆಯುತ್ತಿತ್ತು. ಅಂದಿನವರಿಗೆ ಈ ತೊಡಕು ಇರಲಿಲ್ಲ. ಇಂದು ಮಗನಿಗೆ ಕಪ್ಪು ಬೇಕು, ಮಗಳಿಗೆ ಕೆಂಪು ಬೇಕು. ಮನೆಯ ಹಿರಿಯರು, "ಯಾವುದಾದರೂ ಆಗಲಿ, ಗೀರು ಕಾಣಿಸದಿದ್ದರೆ ಸಾಕು" ಎನ್ನುತ್ತಾರೆ. ಇದು ಅರಸಿಕರ ಮಾತೆಂದು ತೋರಬಹುದು. ಆದರೆ ಅದರೊಳಗೆ ಒಂದಿಷ್ಟು ಭೌತವಿಜ್ಞಾನವೂ ಒಂದಿಷ್ಟು ಲೋಕನೀತಿಯೂ ಅಡಗಿವೆ.

ಕಪ್ಪು ಬಣ್ಣಕ್ಕೆ ಬೇಗ ಗೀರು ಬೀಳುತ್ತದೆ, ಬಿಳಿಗೆ ಬೀಳುವುದಿಲ್ಲ ಎಂಬ ನಂಬಿಕೆ ಹಲವರಲ್ಲಿದೆ. ನಿಜಸ್ಥಿತಿ ಬೇರೆ. ಈಗಿನ ಬಹುತೇಕ ಕಾರುಗಳಲ್ಲಿ ಬಣ್ಣದ ಮೇಲೆ ಪಾರದರ್ಶಕವಾದ ಲೇಪವೊಂದಿರುತ್ತದೆ. ಅದರ ದಪ್ಪ ಸುಮಾರು 40ರಿಂದ 50 ಮೈಕ್ರಾನ್. ಸಾಮಾನ್ಯ ತಲೆಗೂದಲಿಗಿಂತ ತೆಳು. ಹಗುರವಾದ ಗೀರುಗಳೆಲ್ಲ ಬೀಳುವುದು ಈ ಲೇಪದ ಮೇಲೆಯೇ. ಲೇಪ ಒಂದೇ ಆಗಿದ್ದರೆ ಕಪ್ಪಿಗೂ ಬಿಳಿಗೂ ಬೀಳುವ ಗೀರು ಒಂದೇ. ಕಾಣುವ ಬಗೆ ಮಾತ್ರ ಬೇರೆ.

ಶಾಲೆಯ ಕರಿಹಲಗೆಯನ್ನು ನೆನೆಯಿರಿ. ಅದರ ಮೇಲೆ ಸೀಮೆಸುಣ್ಣದ ಸಣ್ಣ ಗೆರೆಯೂ ಎದ್ದು ಕಾಣುತ್ತದೆ. ಅದೇ ಗೆರೆಯನ್ನು ಸುಣ್ಣ ಬಳಿದ ಗೋಡೆಯ ಮೇಲೆ ಎಳೆದರೆ ಹುಡುಕಬೇಕಾಗುತ್ತದೆ. ಗೀರಿನ ಅಂಚು ಬೆಳಕನ್ನು ಚದುರಿಸಿ ಬೆಳ್ಳಗೆ ಮಿನುಗುತ್ತದೆ. ಕಪ್ಪು ಬೆಳಕನ್ನು ಹೀರಿಕೊಳ್ಳುವುದರಿಂದ ಆ ಮಿನುಗು ಒಂಟಿಯಾಗಿ ನಿಲ್ಲುತ್ತದೆ. ಬಿಳಿ ತಾನೇ ಬೆಳಕನ್ನು ಎಲ್ಲೆಡೆ ಚೆಲ್ಲುವುದರಿಂದ ಗೀರು ಅದರಲ್ಲಿ ಕರಗುತ್ತದೆ. ಬೆಳ್ಳಿ ಬಣ್ಣದಲ್ಲಿ ಅಲ್ಯೂಮಿನಿಯಂ ಲೋಹದ ನುಣ್ಣನೆಯ ಚಕ್ಕೆಗಳಿರುತ್ತವೆ. ಅವುಗಳ ಅಸಂಖ್ಯ ಮಿಂಚಿನ ನಡುವೆ ಗೀರಿನ ಮಿಂಚು ಜಾತ್ರೆಯಲ್ಲಿ ಸೇರಿಕೊಂಡ ಜೇಬುಗಳ್ಳನಂತೆ ಗುರುತು ಸಿಗದೆ ಹೋಗುತ್ತದೆ. ತಿಳಿ ಬೂದಿ, ಮರಳಿನ ಬಣ್ಣಗಳೂ ಇದೇ ಕುಲದವು. ಕಡುನೀಲಿ, ಕಡುಗೆಂಪು, ಕಡುಹಸಿರುಗಳು ಕಪ್ಪಿನ ಬಂಧುಗಳು. ತಗಡಿನವರೆಗೆ ಇಳಿದ ಆಳವಾದ ಗಾಯವನ್ನು ಮಾತ್ರ ಯಾವ ಬಣ್ಣವೂ ಮುಚ್ಚಲಾರದು.

ರಾತ್ರಿ ಬೀದಿದೀಪದ ಕೆಳಗೆ ಕಪ್ಪು ಕಾರನ್ನು ನೋಡಿದರೆ, ದೀಪದ ಪ್ರತಿಬಿಂಬದ ಸುತ್ತ ಜೇಡರ ಬಲೆಯಂಥ ಸುಳಿಗಳು ಕಾಣುತ್ತವೆ. ನಾವು ಪಕ್ಕಕ್ಕೆ ಸರಿದರೆ ಬಲೆಯೂ ನಮ್ಮೊಡನೆ ಸರಿಯುತ್ತದೆ! ಅಡ್ಡಾದಿಡ್ಡಿಯಾಗಿ ಬಿದ್ದ ಸಾವಿರ ಗೀರುಗಳಲ್ಲಿ ಬೆಳಕಿನ ದಾರಿಗೆ ಅಡ್ಡಲಾಗಿರುವವು ಮಾತ್ರ ನಮ್ಮ ಕಣ್ಣಿಗೆ ಹೊಳೆದು ಈ ಸುಳಿಯನ್ನು ಕಟ್ಟುತ್ತವೆ. ಉಜ್ಜಿ ಹಳೆಯದಾದ ಸ್ಟೀಲಿನ ತಟ್ಟೆಯನ್ನು ದೀಪಕ್ಕೆ ಹಿಡಿದರೂ ಇದೇ ನೋಟ.

ಈ ಬಲೆಯನ್ನು ನೆಯ್ದವರು ಯಾರು? ರಸ್ತೆಯ ಧೂಳಿನಲ್ಲಿ ಬೆಣಚುಕಲ್ಲಿನ ಕಣಗಳಿರುತ್ತವೆ. ಅವು ಲೇಪಕ್ಕಿಂತ ಬಹಳ ಗಡುಸು. ಒಣ ಬಟ್ಟೆಯಿಂದ ಧೂಳೊರೆಸುವುದೆಂದರೆ ಮರಳುಕಾಗದದಿಂದ ಮೃದುವಾಗಿ ಉಜ್ಜಿದಂತೆಯೇ. ನಮ್ಮ ಬೀದಿಯಲ್ಲಿ ಯುವಕನೊಬ್ಬ ಬೆಳಗಿನ ಜಾವ ಏಳೆಂಟು ಕಾರುಗಳನ್ನು ಒಂದೇ ಬಕೆಟ್ಟಿನ ನೀರಿನಲ್ಲಿ ಒರೆಸುತ್ತಾನೆ. ಕಪ್ಪು ಕಾರಿನ ಯಜಮಾನರು ಗೀರು ಬಿತ್ತೆಂದು ಅವನ ತಿಂಗಳ ಹಣದಲ್ಲಿ ಮುರಿದುಕೊಂಡರು. ಬೆಳ್ಳಿ ಕಾರಿನವರು ಕೆಲಸ ಅಚ್ಚುಕಟ್ಟೆಂದು ಹಬ್ಬಕ್ಕೆ ಇನಾಮು ಕೊಟ್ಟರು. ಅದೇ ಕೈ, ಅದೇ ಬಟ್ಟೆ, ಅದೇ ನೀರು. ಎರಡನೆಯ ಬಕೆಟ್ ನೀರನ್ನು ಇಬ್ಬರೂ ಕೊಟ್ಟಿರಲಿಲ್ಲ.

ಆದ್ದರಿಂದ ನನ್ನ ಸಲಹೆ ಇಷ್ಟೆ. ಕಾರು ಬೀದಿಯಲ್ಲೇ ನಿಲ್ಲುವುದಾದರೆ, ಒರೆಸುವ ಕೆಲಸ ಇನ್ನೊಬ್ಬರದಾದರೆ, ಬೆಳ್ಳಿ, ಬಿಳಿ, ತಿಳಿ ಬೂದಿಗಳು ಕ್ಷೇಮ. ಕಪ್ಪೇ ಬೇಕೆಂದು ಮನಸ್ಸು ಹಟ ಹಿಡಿದರೆ ಕೊಳ್ಳಿ. ಅದರ ಚೆಲುವು ಸುಳ್ಳಲ್ಲ. ಆದರೆ ಮೊದಲು ನೀರು ಸುರಿದು ಧೂಳನ್ನು ಇಳಿಸಬೇಕು; ಸಾಬೂನು ನೀರಿಗೊಂದು, ಬಟ್ಟೆ ಜಾಲಿಸಲೊಂದು ಬಕೆಟ್ ಇಡಬೇಕು; ಒಣ ಬಟ್ಟೆಯನ್ನು ಧೂಳಿಗೆ ತಾಗಿಸಬಾರದು. ಮೆರುಗು ಹಾಕಿಸಿದರೆ ಗೀರು ಹೋಗುವುದು ನಿಜ. ಆದರೆ ಲೇಪವನ್ನೇ ಕೊಂಚ ಸವೆಸಿ ಅದು ಹೋಗುತ್ತದೆ. ಪದೇ ಪದೇ ಮಾಡಿಸುವಂಥದಲ್ಲ.

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಯನ್ನು ಕಾರಿಗೂ ಅನ್ವಯಿಸಬಹುದು: ಬೆಳ್ಳಗಿರುವುದೆಲ್ಲ ಗೀರಿಲ್ಲದ್ದಲ್ಲ. ಒರೆಸುವವನ ಹಣದಲ್ಲಿ ಮುರಿದುಕೊಳ್ಳುವ ಮೊದಲು, ಅವನೇ ಒರೆಸಿದ ಪಕ್ಕದ ಬೆಳ್ಳಿ ಕಾರನ್ನೂ ದೀಪ ಹಿಡಿದು, ಬಾಗಿ, ಹತ್ತಿರದಿಂದ ಒಮ್ಮೆ ನೋಡುವುದು ನ್ಯಾಯ.