ಫ್ಯಾಮಿಲಿ ಫೋಟೋದಲ್ಲಿ ನಮ್ಮತ್ತೆ ಯಾಕೆ ಕಾಣಿಸ್ತಿರಲಿಲ್ಲ?

ಇವತ್ತು ಶುರುವಿನಲ್ಲೇ ಒಂದು ಸಣ್ಣ ಕೆಲಸ ಕೊಡ್ತೀನಿ. ನಿಮ್ಮ ಫೋನಿನ ಗ್ಯಾಲರಿ ಓಪನ್ ಮಾಡಿ. ಹಬ್ಬದಲ್ಲೋ ಗೃಹಪ್ರವೇಶದಲ್ಲೋ ಮನೆಯವರೆಲ್ಲ ನಿಂತು ತೆಗೆಸಿಕೊಂಡ ಒಂದು ಗ್ರೂಪ್ ಫೋಟೋ ಹುಡುಕಿ. ಈಗ ಎರಡು ಪ್ರಶ್ನೆ. ಒಂದು, ಅದರಲ್ಲಿ ಯಾರ ಮುಖ ಸರಿಯಾಗಿ ಕಾಣ್ತಿಲ್ಲ? ಎರಡು, ಆ ಫೋಟೋ ತೆಗೆದವರು ಯಾರು?

ನಮ್ಮನೆಯಲ್ಲಿ ಎರಡೂ ಪ್ರಶ್ನೆಗೆ ಉತ್ತರ ಒಬ್ಬರೇ. ನಮ್ಮ ಅತ್ತೆ. ಅಪ್ಪನ ತಂಗಿ.

ನಾಲ್ಕು ವರ್ಷದ ಹಿಂದೆ ನಮ್ಮ ಹೊಸ ಮನೆ ಗೃಹಪ್ರವೇಶ ಆಯ್ತು. ಹಾಲ್‌ನಲ್ಲಿ ಎಲ್ಲರನ್ನೂ ನಿಲ್ಲಿಸಿ ಫೋಟೋ ತೆಗೆದಿದ್ದು ನಾನೇ. ಅವರ ಬೆನ್ನ ಹಿಂದೆ ದೊಡ್ಡ ಕಿಟಕಿ, ತಲೆ ಮೇಲೆ ಟ್ಯೂಬ್‌ಲೈಟ್. ಅತ್ತೆ ಸಾಲಿನ ಕೊನೆಯಲ್ಲಿ ನಿಂತಿದ್ರು. ನಮ್ಮನೆಯಲ್ಲಿ ಉಳಿದವರಿಗಿಂತ ಅವರ ಬಣ್ಣ ಕಪ್ಪು. ಫೋಟೋ ವಾಟ್ಸಾಪ್ ಗ್ರೂಪಿಗೆ ಹಾಕಿದ ಐದೇ ನಿಮಿಷಕ್ಕೆ ಯಾರೋ ಬರೆದ್ರು, 'ಕೊನೇಲಿ ಯಾರಪ್ಪಾ ಅದು? ಹಲ್ಲು ಮಾತ್ರ ಕಾಣ್ತಿದೆ' ಅಂತ. ಎಲ್ಲರೂ ನಗೋ ಎಮೋಜಿ ಹಾಕಿದ್ರು. ನಾನೂ ಹಾಕಿದೆ. ಅತ್ತೆನೂ ಒಂದು ಹಾಕಿದ್ರು. ಅಲ್ಲಿಗೆ ಮುಗೀತು ಅಂದ್ಕೊಂಡಿದ್ದೆ.

ಹೋದ ವರ್ಷ ಅಜ್ಜಿಗೆ ಎಂಬತ್ತು ತುಂಬ್ತು. ಒಂದು ವಿಡಿಯೋ ಮಾಡೋಣ ಅಂತ ಎಲ್ಲರ ಫೋನಿಂದ ಹಳೇ ಫೋಟೋ ಒಟ್ಟು ಮಾಡ್ತಾ ಕೂತೆ. ಆಗ ಗೊತ್ತಾಯ್ತು. ಗೃಹಪ್ರವೇಶ ಆದಮೇಲೆ ಒಂದೇ ಒಂದು ಗ್ರೂಪ್ ಫೋಟೋದಲ್ಲೂ ಅತ್ತೆ ಇಲ್ಲ. ಯುಗಾದಿ, ಗೌರಿ ಹಬ್ಬ, ತಂಗಿ ನಿಶ್ಚಿತಾರ್ಥ, ಯಾವುದರಲ್ಲೂ ಇಲ್ಲ. ಯಾಕಂದ್ರೆ ಪ್ರತಿ ಸಲ ಅವರೇ ಮುಂದೆ ಬಂದು, 'ಕೊಡೋ ಫೋನು, ನಾನ್ ತೆಗೀತೀನಿ, ನೀವೆಲ್ಲ ನಿಂತ್ಕೊಳ್ಳಿ' ಅಂತಿದ್ರು. ನಾವು ನಿಂತ್ಕೋತಿದ್ವಿ.

ಹೋಗಿ ಕೇಳಿದೆ. ಅವರು ಹುರುಳಿಕಾಯಿ ಬಿಡಿಸ್ತಾ ಇದ್ರು. ತಲೆ ಎತ್ತದೇ ಹೇಳಿದ್ರು, 'ನಾನು ನಿಂತ್ರೆ ಫೋಟೋ ಹಾಳಾಗುತ್ತೆ ಅಂತ ನಿಮಗೇ ಗೊತ್ತಲ್ಲೋ. ಅವತ್ತು ನೀನೂ ನಕ್ಕಿದ್ದೆ.'

ನನಗೆ ಏನು ಹೇಳಬೇಕು ಅಂತ ತೋಚಲಿಲ್ಲ. ಆದ್ರೆ ಆ ರಾತ್ರಿ ಆ ಹಳೇ ಫೋಟೋ ಮತ್ತೆ ತೆಗೆದು ಝೂಮ್ ಮಾಡಿ ನೋಡಿದೆ. ಅತ್ತೆ ಮುಖ ಮಾತ್ರ ಅಲ್ಲ, ಎಲ್ಲರ ಮುಖವೂ ಕಪ್ಪಗೇ ಇತ್ತು. ಬೆಳ್ಳಗಿದ್ದವರು ಹೇಗೋ ಪಾಸಾಗಿದ್ರು, ಅತ್ತೆ ಫೇಲ್ ಆಗಿದ್ರು. ಪ್ರಶ್ನೆಪತ್ರಿಕೆಯೇ ತಪ್ಪಿತ್ತು, ಅದನ್ನ ತಯಾರು ಮಾಡಿದ್ದು ನಾನು.

ನಾನು ಓದಿದ್ದು ಬಿಕಾಂ. ಫಿಸಿಕ್ಸ್ ಜೊತೆ ಸಂಬಂಧ ಎಸ್ಸೆಸ್ಸೆಲ್ಸಿಗೇ ಮುಗಿದಿತ್ತು. ಆದ್ರೂ ಕೂತು ಕಲಿತೆ. ಕಲಿತಿದ್ದನ್ನ ನಿಮಗೆ ಹೇಳ್ತೀನಿ. ಇದಕ್ಕೆ ಹೊಸ ಫೋನೂ ಬೇಡ, ಲೈಟೂ ಬೇಡ.

ಮೊದಲು ಕ್ಯಾಮೆರಾ ಹೇಗೆ ಯೋಚಿಸುತ್ತೆ ಅಂತ ನೋಡೋಣ. ಅದಕ್ಕೆ ಅತ್ತೆ ಯಾರು, ಗೋಡೆ ಯಾವುದು ಅನ್ನೋದಕ್ಕಿಂತ ಮುಖ್ಯ ಒಟ್ಟು ಬೆಳಕು ಎಷ್ಟು ಅನ್ನೋದು. ಇಡೀ ಚಿತ್ರವನ್ನ ಸರಾಸರಿ ಒಂದು ನಡು ಬೂದು ಬಣ್ಣಕ್ಕೆ ತರೋಕೆ ನೋಡುತ್ತೆ. ಹಿಂದೆ ಬೆಳಗೋ ಕಿಟಕಿ, ಬಿಳೀ ಗೋಡೆ, ದೊಡ್ಡಪ್ಪನ ಬಿಳೀ ಪಂಚೆ ಇದ್ರೆ 'ಅಯ್ಯೋ ಬೆಳಕು ಜಾಸ್ತಿ ಆಯ್ತು' ಅಂದ್ಕೊಂಡು ಎಲ್ಲವನ್ನೂ ಕತ್ತಲು ಮಾಡುತ್ತೆ. ಈಗಿನ ಫೋನುಗಳು ಮುಖ ಗುರುತಿಸುತ್ತವೆ, ಎಚ್‌ಡಿಆರ್ ಇದೆ, ನಿಜ. ಆದ್ರೂ ಹಿಂದೆ ಕಿಟಕಿ ಇದ್ರೆ ಅವೂ ಒದ್ದಾಡುತ್ತವೆ.

ಇದರ ಹಿಂದೆ ಒಂದು ಇತಿಹಾಸವೂ ಇದೆ. ಕಳೆದ ಶತಮಾನದಲ್ಲಿ ಬಣ್ಣದ ಫೋಟೋ ಪ್ರಿಂಟ್ ಸರಿಯಾಗಿದೆಯಾ ಅಂತ ನೋಡೋಕೆ ಲ್ಯಾಬ್‌ಗಳಿಗೆ ಕೊಡಕ್ ಕಂಪನಿ ಒಂದು ಮಾದರಿ ಚಿತ್ರ ಕಳಿಸ್ತಿತ್ತು. ಅದಕ್ಕೆ ಶರ್ಲಿ ಕಾರ್ಡ್ ಅಂತ ಹೆಸರು. ಅದರಲ್ಲಿ ಇರ್ತಿದ್ದಿದ್ದು ಬಿಳೀ ಚರ್ಮದ ಹೆಂಗಸು. ಅವಳ ಬಣ್ಣ ಸರಿ ಬಂದ್ರೆ ಪ್ರಿಂಟ್ ಸರಿ. ಬೇರೆ ಬೇರೆ ಬಣ್ಣದ ಮುಖಗಳು ಆ ಕಾರ್ಡಿಗೆ ಬಂದಿದ್ದು 1990ರ ದಶಕದಲ್ಲಿ. 2021ರಲ್ಲಿ ಗೂಗಲ್ ತನ್ನ ಪಿಕ್ಸೆಲ್ 6 ಫೋನಿನಲ್ಲಿ 'ರಿಯಲ್ ಟೋನ್' ಅಂತ ತಂದಿದ್ದು ಇದೇ ಸಮಸ್ಯೆ ಸರಿ ಮಾಡೋಕೆ. ಅಂದ್ರೆ ನಮ್ಮತ್ತೆ ಫೇಲ್ ಆಗಿದ್ದ ಪರೀಕ್ಷೆಯಲ್ಲಿ ಪ್ರಪಂಚದ ಅರ್ಧ ಜನ ಫೇಲ್ ಆಗ್ತಿದ್ರು.

ಸರಿ, ಈಗ ಕೆಲಸಕ್ಕೆ ಬರೋಣ.

ಮೊದಲನೇ ವಿಷಯ, ಕಿಟಕಿ ಅವರ ಬೆನ್ನಿಗಲ್ಲ, ಮುಖಕ್ಕೆ ಇರಬೇಕು. ಮನೆಯವರು ಕಿಟಕಿ ಅಥವಾ ಬಾಗಿಲಿನ ಕಡೆ ನೋಡ್ತಾ ನಿಲ್ಲಲಿ. ನೀವು ಕಿಟಕಿಯ ಪಕ್ಕದಲ್ಲಿ ನಿಂತ್ಕೊಳ್ಳಿ. ಬಾಗಿಲಾದ್ರೆ ಹೊಸಿಲಿನಾಚೆ ಹೋಗಿ ಅಲ್ಲಿಂದ ತೆಗೀರಿ, ಬೆಳಕಿಗೆ ಅಡ್ಡ ಬರಬೇಡಿ. ನೇರ ಬಿಸಿಲು ಒಳಗೆ ಬರ್ತಿದ್ರೆ ಒಂದು ತೆಳ್ಳನೆ ಬಿಳೀ ಪಂಚೆ ಕಿಟಕಿಗೆ ಕಟ್ಟಿ. ಬಿಸಿಲು ಮೃದುವಾಗಿ ಹರಡುತ್ತೆ.

ಎರಡನೇದು, ಕಿಟಕಿಗೆ ಅಂಟಿಕೊಂಡು ನಿಲ್ಲಿಸಬೇಡಿ. ಇಲ್ಲಿ ನನ್ನ ಕಾಮರ್ಸ್ ತಲೆ ಉಪಯೋಗಕ್ಕೆ ಬಂತು. ಬೆಳಕು ದೂರದ ವರ್ಗಕ್ಕೆ ತಕ್ಕಂತೆ ಕಡಿಮೆ ಆಗುತ್ತೆ. ದೂರ ಎರಡರಷ್ಟಾದ್ರೆ ಬೆಳಕು ಕಾಲು ಭಾಗ. ಕಿಟಕಿ ಒಂದು ಪಕ್ಕಕ್ಕಿದೆ, ಸಾಲಿನ ಮೊದಲನೆಯವರು 1 ಮೀಟರ್ ದೂರ, ಕೊನೆಯವರು 3 ಮೀಟರ್ ದೂರ ಅಂತಿಟ್ಕೊಳ್ಳಿ. ಕೊನೆಯವರಿಗೆ ಸಿಗೋದು ಒಂಬತ್ತನೇ ಒಂದು ಭಾಗ! ಅದೇ ಸಾಲನ್ನ 2 ಮೀಟರ್ ಹಿಂದಕ್ಕೆ ಸರಿಸಿ. ಈಗ ದೂರ 3 ಮತ್ತು 5 ಮೀಟರ್. ವ್ಯತ್ಯಾಸ ಮೂರರಷ್ಟೂ ಇರಲ್ಲ. ದೊಡ್ಡ ಕಿಟಕಿಗೆ ಈ ಲೆಕ್ಕ ಪೈಸೆ ಪೈಸೆ ತಾಳೆ ಆಗಲ್ಲ, ಆದ್ರೆ ದಿಕ್ಕು ಇದೇ. ಒಟ್ಟು ಬೆಳಕು ಸ್ವಲ್ಪ ಕಡಿಮೆ ಆದ್ರೂ ಹಂಚಿಕೆ ಸರಿಯಾಗುತ್ತೆ. ಕತ್ತಲ ಕಡೆಗೆ ಒಂದು ಬಿಳೀ ಬೆಡ್‌ಶೀಟ್ ಅಥವಾ ಥರ್ಮಾಕೋಲ್ ಶೀಟ್ ಹಿಡಿದ್ರೆ ಅದು ಬೆಳಕನ್ನ ವಾಪಸ್ ಎಸೆಯುತ್ತೆ.

ಮೂರನೇದು, ಮನೆಯ ಲೈಟೆಲ್ಲ ಆರಿಸಿ. ಹೌದು, ಆರಿಸಿ. ಹಳದಿ ಬಲ್ಬ್, ಬಿಳೀ ಟ್ಯೂಬ್‌ಲೈಟ್, ಹೊರಗಿನ ಹಗಲು ಬೆಳಕು, ಮೂರರ ಬಣ್ಣವೂ ಬೇರೆ. ಒಂದೇ ಮುಖದ ಒಂದು ಕೆನ್ನೆ ಹಳದಿ, ಇನ್ನೊಂದು ನೀಲಿ ಆಗೋದು ಇದಕ್ಕೇ. ತಲೆ ಮೇಲಿನ ಟ್ಯೂಬ್‌ಲೈಟಂತೂ ಕಣ್ಣಿನ ಕೆಳಗೆ ನೆರಳು ಬೀಳಿಸಿ ಎಲ್ಲರಿಗೂ ಹತ್ತು ವರ್ಷ ವಯಸ್ಸು ಸೇರಿಸುತ್ತೆ. ಫೋನಿನ ಫ್ಲಾಶ್ ಕೂಡ ಬೇಡ. ಅದು ಮುಂದೆ ಕೂತ ಮಕ್ಕಳ ಮುಖಕ್ಕೆ ಹೊಡೆಯುತ್ತೆ, ಹಿಂದಿನ ಸಾಲಿಗೆ ತಲುಪೋದೇ ಇಲ್ಲ.

ನಾಲ್ಕನೇದು ನನಗೆ ಎಲ್ಲಕ್ಕಿಂತ ಮುಖ್ಯ. ಫೋಕಸ್ ಮಾಡೋಕೆ ಸ್ಕ್ರೀನ್ ಮೇಲೆ ಒತ್ತುವಾಗ ಗುಂಪಿನಲ್ಲಿ ಅತಿ ಕಪ್ಪಗಿರೋ ಮುಖದ ಮೇಲೆ ಒತ್ತಿ. ಒತ್ತಿ ಹಿಡಿದ್ರೆ ಹೆಚ್ಚಿನ ಫೋನುಗಳಲ್ಲಿ ಅದು ಲಾಕ್ ಆಗುತ್ತೆ. ಆಮೇಲೆ ಬೆರಳನ್ನ ಮೇಲೆ ಕೆಳಗೆ ಎಳೆದು ಬೆಳಕು ಹೊಂದಿಸಿ. ಬೆಳ್ಳಗಿರೋರ ಹಣೆ ಪೂರ್ತಿ ಬಿಳುಚಿಕೊಳ್ಳದಷ್ಟು, ಕಪ್ಪಗಿರೋರ ಕಣ್ಣು, ಕೆನ್ನೆ ಕಾಣುವಷ್ಟು. ಆ ಎರಡರ ನಡುವೆ ಜಾಗ ಇದ್ದೇ ಇರುತ್ತೆ. ಬ್ಯೂಟಿ ಫಿಲ್ಟರ್ ಆಫ್ ಮಾಡಿ. ಯಾರನ್ನೂ ಬೆಳ್ಳಗೆ ಮಾಡೋದು ನಮ್ಮ ಕೆಲಸ ಅಲ್ಲ. ಅವರ ಬಣ್ಣ ಅವರಿಗಿರಲಿ, ಮುಖ ಕಾಣಬೇಕು ಅಷ್ಟೇ. ದೊಡ್ಡ ಮೃದು ಬೆಳಕಲ್ಲಿ ಕಪ್ಪು ಚರ್ಮದ ಮೇಲೆ ಬರೋ ಹೊಳಪಿದೆಯಲ್ಲ, ಕೆನ್ನೆ, ಮೂಗು, ಹಣೆಯ ಆಕಾರ ತೋರಿಸೋದೇ ಅದು.

ಉಳಿದಿದ್ದೆಲ್ಲ ಬೇಗ ಹೇಳ್ತೀನಿ. ಲೆನ್ಸ್ ಒರೆಸಿ, ಅರ್ಧ ಮಂಜು ಹೋಗೋದು ಅಲ್ಲೇ. 0.5ರ ವೈಡ್ ಲೆನ್ಸ್ ಬೇಡ, ತುದಿಯಲ್ಲಿ ನಿಂತವರನ್ನ ಅದು ಅಗಲ ಮಾಡುತ್ತೆ. 1ರಲ್ಲೇ ಇಟ್ಟು ನೀವೇ ಹಿಂದಕ್ಕೆ ಹೋಗಿ. ದೊಡ್ಡೋರು ಕುರ್ಚಿಯಲ್ಲಿ, ಮಕ್ಕಳು ಚಾಪೆ ಮೇಲೆ, ಉಳಿದವರು ಹಿಂದೆ, ಎರಡು ತಲೆಗಳ ಸಂದಿಯಲ್ಲಿ ಒಂದು ಮುಖ. ಕನ್ನಡಕದ ಗಾಜು ಹೊಳೆದ್ರೆ ಗಲ್ಲ ಸ್ವಲ್ಪ ಕೆಳಗೆ ಮಾಡಿ ಅನ್ನಿ.

ಎಷ್ಟು ಫೋಟೋ ತೆಗೀಬೇಕು? ಇದಕ್ಕೂ ಲೆಕ್ಕ ಇದೆ. ಒಂದರಲ್ಲಾದ್ರೂ ಯಾರೂ ಕಣ್ಣು ಮುಚ್ಚಿರಬಾರದು ಅಂದ್ರೆ ಎಷ್ಟು ಕ್ಲಿಕ್ ಬೇಕು ಅಂತ ಆಸ್ಟ್ರೇಲಿಯಾದ ನಿಕ್ ಸ್ವೆನ್ಸನ್ ಮತ್ತು ಪಿಯರ್ಸ್ ಬಾರ್ನ್ಸ್ ಲೆಕ್ಕ ಹಾಕಿದ್ರು. 2006ರಲ್ಲಿ ಅವರಿಗೆ ಗಣಿತದ ಇಗ್ ನೊಬೆಲ್ ಬಂತು, ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚೋ ಸಂಶೋಧನೆಗೆ ಕೊಡೋ ಪ್ರಶಸ್ತಿ ಅದು. ಸೂತ್ರ ಸುಲಭ: 20ಕ್ಕಿಂತ ಕಡಿಮೆ ಜನ ಇದ್ರೆ, ಒಳ್ಳೇ ಬೆಳಕಲ್ಲಿ ಜನರ ಸಂಖ್ಯೆಯನ್ನ 3ರಿಂದ ಭಾಗಿಸಿ, ಬೆಳಕು ಚೆನ್ನಾಗಿಲ್ಲ ಅಂದ್ರೆ 2ರಿಂದ. 12 ಜನಕ್ಕೆ 4, ಇಲ್ಲಾ 6.

ಈಗ ಅತ್ತೆ ಕಥೆಗೆ ವಾಪಸ್ ಬರ್ತೀನಿ.

ದೀಪಾವಳಿಗೆ ಎಲ್ಲರೂ ಊರಿಗೆ ಹೋಗಿದ್ವಿ. ಅಜ್ಜಿ ಮನೆಗೆ ಜಗಲಿ ಇದೆ, ಬಾಗಿಲು ಪೂರ್ವಕ್ಕೆ. ಬೆಳಿಗ್ಗೆ ಅಲ್ಲಿ ಬಿಸಿಲು ಕಣ್ಣಿಗೆ ಹೊಡೆಯುತ್ತೆ. ಸಂಜೆ ನಾಲ್ಕಕ್ಕೆ ಜಗಲಿ ಪೂರ್ತಿ ನೆರಳು, ಆದ್ರೆ ಎದುರುಮನೆಯ ಸುಣ್ಣದ ಗೋಡೆಗೆ ಬಿಸಿಲು ಬಿದ್ದು ಬೆಳಕೆಲ್ಲ ಜಗಲಿ ಕಡೆಗೆ ಬರುತ್ತೆ. ದುಡ್ಡು ಕೊಟ್ರೂ ಅಂಥ ಸ್ಟುಡಿಯೋ ಸಿಗಲ್ಲ. ಇಪ್ಪತ್ತೆಂಟು ವರ್ಷದಿಂದ ಆ ಜಗಲಿ ಮೇಲೆ ಓಡಾಡಿದೀನಿ, ಅವತ್ತೇ ಮೊದಲು ನೋಡಿದ್ದು.

ಎಲ್ಲರೂ ಕಾಫಿ ಕುಡೀತಿದ್ದಾಗ ಅತ್ತೆನ ಒಬ್ಬರನ್ನೇ ಜಗಲಿಗೆ ಕರೆದೆ. 'ಒಂದು ಟೆಸ್ಟ್ ಅಷ್ಟೇ, ಬೇಡ ಅಂದ್ರೆ ಡಿಲೀಟ್ ಮಾಡ್ತೀನಿ' ಅಂದೆ. ಅವರ ಮುಖದ ಮೇಲೆ ಒತ್ತಿ ತೆಗೆದೆ, ತೋರಿಸಿದೆ. ತುಂಬಾ ಹೊತ್ತು ನೋಡಿದ್ರು. 'ಏನೂ ಬೆಳ್ಳಗೆ ಮಾಡಿಲ್ಲ ತಾನೇ?' ಅಂದ್ರು. ಇಲ್ಲ ಅತ್ತೆ, ಅಂದೆ. ಅವತ್ತು ನಕ್ಕಿದ್ದು ನನ್ನ ತಪ್ಪು, ಆ ಫೋಟೋ ಹಾಳಾಗಿದ್ದೂ ನನ್ನಿಂದ, ನಿಮ್ಮಿಂದ ಅಲ್ಲ ಅಂತಲೂ ಹೇಳಿದೆ. ಅವರು ಅದಕ್ಕೆ ಏನೂ ಅನ್ನಲಿಲ್ಲ. 'ಬಾ, ಎಲ್ಲರನ್ನೂ ಕರಿ, ಬಿಸಿಲು ಹೋಗುತ್ತೆ' ಅಂದ್ರು.

ನಾವು 14 ಜನ. ಸ್ಟೂಲ್ ಮೇಲೆ ಎರಡು ಸ್ಟೀಲ್ ಡಬ್ಬ ಪೇರಿಸಿ ಅದಕ್ಕೆ ಫೋನ್ ಒರಗಿಸಿ, 10 ಸೆಕೆಂಡಿನ ಟೈಮರ್ ಇಟ್ಟೆ. ತೆಗೆಯೋರು ಅಂತ ಯಾರೂ ಹೊರಗೆ ಉಳಿಯೋ ಹಾಗೇ ಇರಲಿಲ್ಲ. ಅತ್ತೆ ಅಭ್ಯಾಸಬಲದಿಂದ ಕೊನೆಗೆ ಹೋಗಿ ನಿಂತ್ರು. ಅಜ್ಜಿ ಕುರ್ಚಿಯಿಂದಲೇ ಕೈ ಚಾಚಿ, 'ನೀನ್ಯಾಕೆ ಅಲ್ಲಿ, ಬಾ ಇಲ್ಲಿ' ಅಂತ ಪಕ್ಕಕ್ಕೆ ಕರೆದ್ರು. ಸೂತ್ರದ ಪ್ರಕಾರ 5 ಫೋಟೋ ಸಾಕು. ಭಯಕ್ಕೆ 9 ತೆಗೆದೆ. ಆರನೇದು ಚೆನ್ನಾಗಿ ಬಂತು.

ಗ್ರೂಪಿಗೆ ಹಾಕಿದಾಗ ಈ ಸಲ ಯಾರೂ ಜೋಕ್ ಮಾಡಲಿಲ್ಲ. ಹೊಗಳಲೂ ಇಲ್ಲ, 'ಸೂಪರ್' ಅಂತ ಬರೆದು ಸುಮ್ಮನಾದ್ರು. ನನಗೆ ಅದೇ ಖುಷಿ. ಅತ್ತೆ ಮುಖ ಅಲ್ಲಿ ಚರ್ಚೆಯ ವಿಷಯವೇ ಆಗಿರಲಿಲ್ಲ. ಎರಡು ದಿನ ಆದಮೇಲೆ ಅವರೇ ಫೋನ್ ಮಾಡಿ, 'ಅದೊಂದು ದೊಡ್ಡದಾಗಿ ಪ್ರಿಂಟ್ ಹಾಕಿಸಿಕೊಡ್ತೀಯಾ?' ಅಂದ್ರು.

ಪ್ರಿಂಟ್ ಹಾಕಿಸೋರಿಗೆ ಒಂದು ಮಾತು. ವಾಟ್ಸಾಪ್‌ನಲ್ಲಿ ಸುಮ್ಮನೆ ಕಳಿಸಿದ್ರೆ ಫೋಟೋ ಕುಗ್ಗುತ್ತೆ. ಡಾಕ್ಯುಮೆಂಟ್ ಅಂತ ಕಳಿಸಿ, ಮೂಲ ಹಾಗೇ ಹೋಗುತ್ತೆ.

ಮುಂದಿನ ಹಬ್ಬಕ್ಕೆ ನಿಮ್ಮನೆಯಲ್ಲಿ ಯಾರಾದ್ರೂ 'ನಾನ್ ತೆಗೀತೀನಿ, ನೀವ್ ನಿಂತ್ಕೊಳ್ಳಿ' ಅಂದ್ರೆ ಒಂದು ನಿಮಿಷ ತಡೀರಿ. ಫೋನ್ ಅವರ ಕೈಗೆ ಕೊಡೋ ಮೊದಲು ಅದನ್ನ ಒರಗಿಸಿಡೋಕೆ ಒಂದು ಸ್ಟೂಲು, ಎರಡು ಡಬ್ಬ ಹುಡುಕಿ. ಮುಂದಿನ ವಾರ ಇನ್ನೊಂದು ವಿಷಯದ ಜೊತೆ ಸಿಗ್ತೀನಿ. ನಮಸ್ಕಾರ.