ತಂತಿಯ ಬಣ್ಣ



1905ರಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿಯಿಂದ ಬೆಂಗಳೂರಿನ ಬೀದಿಯ ದೀಪಗಳು ಬೆಳಗಿದುವು. ಮುಂದೆ ಆ ಶಕ್ತಿ ನಮ್ಮ ಮನೆಗಳ ಗೋಡೆಯೊಳಗೂ ನೆಲೆಸಿತು. ಅದು ಕಣ್ಣಿಗೆ ಕಾಣದು. ಆದುದರಿಂದಲೇ ಅದನ್ನು ಹೊರುವ ತಂತಿಯ ಹೊದಿಕೆಗೆ ಬಣ್ಣವನ್ನು ಕೊಟ್ಟಿದ್ದೇವೆ.

ನಮ್ಮ ಮನೆಗಳ ಬಹುಕಾಲದ ರೂಢಿಯಂತೆ ಕೆಂಪು ತಂತಿ ಫೇಸು, 230 ವೋಲ್ಟಿನ ಒತ್ತಡದಲ್ಲಿ ಪ್ರವಾಹವನ್ನು ತರುವುದು. ಕಪ್ಪು ನ್ಯೂಟ್ರಲ್, ಅದನ್ನು ಹಿಂದಿರುಗಿಸುವುದು. ಹಸುರು ಅರ್ತ್, ಇಸ್ತ್ರಿಪೆಟ್ಟಿಗೆಯಂತಹ ಲೋಹದ ಮೈಗೆ ಸೋರಿದ ಪ್ರವಾಹವನ್ನು ನೆಲಕ್ಕಿಳಿಸಿ ಪ್ರಾಣವನ್ನು ಕಾಯುವುದು. ಮೂರು ಫೇಸುಗಳಿರುವ ಮನೆಯಲ್ಲಿ ಕೆಂಪು, ಹಳದಿ, ನೀಲಿ, ಮೂರೂ ಫೇಸುಗಳೇ. ಆದರೆ ಉಪಕರಣಗಳೊಡನೆ ಬರುವ ಬಳುಕುವ ತಂತಿಯಲ್ಲಿ ಕಂದು ಫೇಸು, ನೀಲಿ ನ್ಯೂಟ್ರಲ್, ಹಸುರು-ಹಳದಿ ಪಟ್ಟೆಯದು ಅರ್ತ್. ಒಂದೇ ನೀಲಿ ಎರಡೆಡೆಗಳಲ್ಲಿ ಎರಡು ಅರ್ಥಗಳನ್ನು ಹೇಳುತ್ತದೆ. ಅಪಾಯವಿರುವುದು ಇಲ್ಲಿಯೇ.

ಬಣ್ಣವೆಂಬುದು ತಂತಿಯನ್ನು ಎಳೆದವನು ಕೊಟ್ಟ ಮಾತು. ಮಾತು ತಪ್ಪುವವರೂ ಉಂಟು. ಕೆಂಪು ಸಾಲಲಿಲ್ಲವೆಂದು ಕಪ್ಪನ್ನು ಜೋಡಿಸಿದವನ ಆಲಸ್ಯವು ಹತ್ತು ವರ್ಷಗಳ ಬಳಿಕ ಮತ್ತೊಬ್ಬನ ಪ್ರಾಣಕ್ಕೆ ಎರವಾದೀತು. ಆದುದರಿಂದ ಜೋಡಿಸುವಾಗ ಬಣ್ಣದ ನಿಯಮವನ್ನು ಮೀರದಿರೋಣ. ಬಿಚ್ಚುವಾಗ ಬಣ್ಣವೊಂದನ್ನೇ ನಂಬದಿರೋಣ. ಮೈನ್ ಸ್ವಿಚ್ಚನ್ನು ಆರಿಸಿ, ತಂತಿಯಲ್ಲಿ ಪ್ರವಾಹವಿಲ್ಲವೆಂದು ಪರೀಕ್ಷಿಸಿದ ಮೇಲೆಯೇ ಕೈಯಿಡೋಣ.