ಹಳೆಯ ಗಣಕ ಭಾಷೆಯನ್ನು ಕಲಿಯಬೇಕೆ?

(ರೈತರ ಸಭೆಯಲ್ಲಿ ಮಾಡಿದ ಭಾಷಣ)



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಹಳ್ಳಿಗಳಿಂದ ನಿಮ್ಮ ಮಕ್ಕಳು ಈಗ ಗಣಕಯಂತ್ರದ ವಿದ್ಯೆ ಕಲಿಯಲು ಹೋಗುತ್ತಿದ್ದಾರೆ. ಶೇಂಗಾ, ಮೆಕ್ಕೆಜೋಳ ಮಾರಿ ಬಂದ ಹಣದಲ್ಲಿಯೇ ಅವರ ಶುಲ್ಕ ಸಲ್ಲಬೇಕು. ಹೀಗಿರುವಾಗ ಮಗನೋ ಮಗಳೋ "ಕೋಬಾಲ್ ಎಂಬ ಹಳೆಯ ಭಾಷೆ ಕಲಿಯುತ್ತೇನೆ" ಎಂದರೆ, ಅದು ಮೂಲೆಗೆ ಬಿದ್ದ ರಂಟೆಯೋ, ಇನ್ನೂ ಹೊಲ ಉಳುವ ರಂಟೆಯೋ ಎಂದು ನೀವು ಕೇಳುವುದು ನ್ಯಾಯವೇ ಆಗಿದೆ.

ಯಂತ್ರ ಮಾಡಬೇಕಾದ ಕೆಲಸವನ್ನು ಹೆಜ್ಜೆ ಹೆಜ್ಜೆಯಾಗಿ ಬರೆದುಕೊಡುವ ಭಾಷೆಗಳು ಅನೇಕ ಇವೆ. ಕೋಬಾಲ್ ಅವುಗಳಲ್ಲಿ ಒಂದು. 1959ರಲ್ಲಿ ಅಮೆರಿಕದಲ್ಲಿ ಸೇರಿದ ಒಂದು ಸಮಿತಿಯು ಇದನ್ನು ಲೆಕ್ಕಪತ್ರದ ಕೆಲಸಕ್ಕೆಂದೇ ರೂಪಿಸಲಾರಂಭಿಸಿತು. ಹೆಸರು, ಖಾತೆ, ಮೊತ್ತ ಎಂದು ಕಲಮುಗಳನ್ನು ಗೊತ್ತುಮಾಡಿ, ಪೈಸೆ ತಪ್ಪದಂತೆ ಕೂಡಿಸುವುದು ಇದರ ಗುಣ. ಬ್ಯಾಂಕುಗಳೂ ವಿಮೆಯ ಕಂಪನಿಗಳೂ ಇದನ್ನು ಹಿಡಿದವು. ಇಂದಿಗೂ ಪೂರ್ತಿ ಬಿಟ್ಟಿಲ್ಲ.

ಏಕೆ ಬಿಟ್ಟಿಲ್ಲ? ನಿಮ್ಮ ಪಹಣಿಯ ಲೆಕ್ಕದಿಂದಲೇ ಹೇಳುತ್ತೇನೆ. ಒಂದು ಹೊಲ 1 ಎಕರೆ 20 ಗುಂಟೆ, ಇನ್ನೊಂದು 1 ಎಕರೆ 25 ಗುಂಟೆ. ಎರಡೂ ಕೂಡಿ 3 ಎಕರೆ 5 ಗುಂಟೆ. ಎಕರೆಗೆ 40 ಗುಂಟೆ ಎಂಬುದು ದನ ಕಾಯುವ ಹುಡುಗನಿಗೂ ಗೊತ್ತು; ಯಂತ್ರಕ್ಕೆ ಗೊತ್ತಿಲ್ಲ. 1.20, 1.25 ಎಂದು ಬರೆದುಕೊಟ್ಟರೆ 2.45 ಎಂದುಬಿಡುತ್ತದೆ. 40 ಗುಂಟೆ ತುಂಬಿದರೆ ಒಂದು ಎಕರೆ ಏರಿಸು ಎಂದು ಯಾರಾದರೂ ಅದಕ್ಕೆ ಬರೆದುಕೊಡಬೇಕು. ಬಡ್ಡಿ, ಕಂತು, ಪಿಂಚಣಿ, ಎಲ್ಲಕ್ಕೂ ಇಂಥ ನೂರಾರು ನಿಯಮಗಳು ಹಳೆಯ ಪ್ರೋಗ್ರಾಂಗಳಲ್ಲಿ ಸೇರಿಕೊಂಡಿವೆ. ಬರೆದವರು ನಿವೃತ್ತರಾದ ಮೇಲೆ ಕೆಲವು ನಿಯಮಗಳು ಬೇರೆ ಯಾವ ಕಾಗದದಲ್ಲಿಯೂ ಸಿಗುವುದಿಲ್ಲ.

2020ರ ಏಪ್ರಿಲ್‌ನಲ್ಲಿ, ಕೊರೋನಾ ಕಾಲದಲ್ಲಿ, ಅಮೆರಿಕದ ನ್ಯೂಜೆರ್ಸಿಯಲ್ಲಿ ಕೆಲಸ ಕಳೆದುಕೊಂಡವರ ಅರ್ಜಿಗಳು ರಾಶಿಬಿದ್ದಾಗ, ಕೋಬಾಲ್ ಬಲ್ಲವರು ನೆರವಿಗೆ ಬರಬೇಕೆಂದು ಅಲ್ಲಿನ ಗವರ್ನರೇ ಬಹಿರಂಗವಾಗಿ ಕೇಳಿಕೊಂಡರು. ಅಷ್ಟು ಸಿರಿವಂತ ದೇಶದಲ್ಲಿಯೂ ಈ ಪಾಡು!

ನಮ್ಮ 'ಭೂಮಿ' ಯೋಜನೆಯ ಮೊದಲ ಪ್ರೋಗ್ರಾಂ ಕೋಬಾಲಿನದಲ್ಲ, ವಿಷುವಲ್ ಬೇಸಿಕ್ ಎಂಬ ಭಾಷೆಯದು. ಅದೂ ಈಗ ಹಳೆಯದೇ. ಹರಪನಹಳ್ಳಿಯವರನ್ನು ನೋಡಿ: 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಹೋದರು, ಆಮೇಲೆ ಮರಳಿ ಬಳ್ಳಾರಿಗೆ ಬಂದರು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿದರು. ಜಿಲ್ಲೆಯ ಹೆಸರು ಎಷ್ಟು ಸಲ ಬದಲಾದರೂ ಸರ್ವೆ ನಂಬರು, ವಿಸ್ತೀರ್ಣ, ಹಕ್ಕುದಾರರ ಹೆಸರು ಕದಲಬಾರದು. ಯಾವ ಕಚೇರಿಯಲ್ಲೇ ಆಗಲಿ, ಹೊಸ ಪ್ರೋಗ್ರಾಂ ಬರೆಯುವವರಿಗೆ ಹಳೆಯದನ್ನು ಓದಲು ಬರಬೇಕು.

ಹಾಗೆಂದು ಕೋಬಾಲನ್ನೇ ಮೊದಲ ಭಾಷೆಯಾಗಿ ಕಲಿಸಲು ಸಾಲ ಮಾಡಬೇಡಿರಿ. ಮೊದಲು ಈಗ ಹೆಚ್ಚು ಬಳಕೆಯಲ್ಲಿರುವ ಒಂದು ಭಾಷೆ ಕೈಗೆ ಹತ್ತಲಿ. ಅದು ಚೆನ್ನಾಗಿ ಬಂದವರಿಗೆ ಹಳೆಯದನ್ನು ಓದಲು ಕಲಿಯುವುದು ದೊಡ್ಡ ಕಷ್ಟವಲ್ಲ. ಬೆಂಗಳೂರಿನ ಕಂಪನಿಗಳಲ್ಲಿ ಹೊರದೇಶದ ಬ್ಯಾಂಕುಗಳ ಕೋಬಾಲ್ ಕೆಲಸ ನಡೆಯುತ್ತದೆ. ಹೊಸ ಭಾಷೆಗಳಷ್ಟು ಕೆಲಸ ಅದರಲ್ಲಿಲ್ಲ, ಆದರೆ ಪೈಪೋಟಿಯೂ ಅಷ್ಟಿಲ್ಲ. ಈಗೀಗ ಹಳೆಯ ಪ್ರೋಗ್ರಾಂಗಳನ್ನು ಯಂತ್ರವೇ ಹೊಸ ಭಾಷೆಗೆ ತಿರುಗಿಸುವುದೂ ಉಂಟು. ತಿರುಗಿಸಿದ ಲೆಕ್ಕ ಸರಿಯೇ ಎಂದು ನೋಡಲು ಎರಡನ್ನೂ ಬಲ್ಲವರೇ ಬೇಕು. ಕೋರ್ಸು ಮುಗಿದೊಡನೆ ನೌಕರಿ ಖಂಡಿತ ಎನ್ನುವವರ ಕೈಗೆ ಮಾತ್ರ ಹಣ ಕೊಡಬೇಡಿರಿ.

ಅಭ್ಯಾಸಕ್ಕೆ ಹಣವೇ ಬೇಕಾಗಿಲ್ಲ. ಗ್ನೂ ಕೋಬಾಲ್ ಎಂಬುದು ಉಚಿತವಾಗಿ ದೊರೆಯುತ್ತದೆ, ಸಾಧಾರಣ ಗಣಕದಲ್ಲಿಯೂ ನಡೆಯುತ್ತದೆ. ಶುಲ್ಕ ಕಟ್ಟುವ ಮೊದಲು ಮನೆಯ ಎರಡು ಪಹಣಿಗಳನ್ನು ಮಗಳ ಮುಂದಿಟ್ಟು, ಇವುಗಳ ವಿಸ್ತೀರ್ಣ ಕೂಡಿಸುವ ಪ್ರೋಗ್ರಾಂ ಬರೆದು ತೋರಿಸವ್ವಾ ಎಂದು ಕೇಳಿರಿ. ಉತ್ತರದಲ್ಲಿ 45 ಗುಂಟೆ ಎಂದು ಬಂದರೆ, ಇನ್ನೊಂದು ತಿಂಗಳು ತಡೆಯಿರಿ.